ಮಡಿಕೇರಿಯಲ್ಲಿ ಹಡಗು ಹತ್ತಿದ್ದು

ನಾನು ಹಡಗು ಹತ್ತಿದ್ದು ಜೀವಮಾನದಲ್ಲಿ ಒಂದೇ ಒಂದು ಸಲ, ಅದೂ ಮಡಿಕೇರಿಯಲ್ಲಿ. ಮಡಿಕೇರಿ ಎಲ್ಲಿ, ಸಮುದ್ರ ಎಲ್ಲಿ ಎಂದು ತಿಳಿದವರು ಇಷ್ಟು ಓದಿದ ಕೂಡಲೇ ನನ್ನ ತಲೆ ನೆಟ್ಟಗಿಲ್ಲ ಎಂದುಕೊಂಡಾರು. ಅದು ಅವರ ತಪ್ಪಲ್ಲ. ಆದರೆ ನಾನು ಹೇಳುವುದು ಸತ್ಯ, ಅದಕ್ಕೆ ಫೋಟೋ ಸಾಕ್ಷಿಯೂ ಇದೆ. ತಲೆಗೆ ಬಿಳೀ ಟೋಪಿ, ಕೈಯಲ್ಲಿ ದುರ್ಬೀನು, ಹಿಂದೆ ಹೊಗೆ ಕಾರುವ ಚಿಮಣಿ, ಮುಂದೆ ನಾನು. ಆವರೆಗೆ ನಾನು ಕಂಡಿದ್ದ ಅತಿ ದೊಡ್ಡ ನೌಕೆಯೆಂದರೆ ಹಾರಂಗಿ ಹೊಳೆ ದಾಟಿಸುತ್ತಿದ್ದ ಬಿದಿರಿನ ತೆಪ್ಪ. ಅದರಲ್ಲೂ ನಾನು ನಟ್ಟನಡುವೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಪಕ್ಕದವರ ಅಂಗಿಯ ಚುಂಗು ಹಿಡಿದುಕೊಂಡಿದ್ದೆ. ಆಚೆ ದಡ ಬಂದ ಮೇಲೂ ಬಿಡಲಿಲ್ಲವೆಂದು ಅವರು ಬೈದದ್ದು ಇನ್ನೂ ನೆನಪಿದೆ. ಇಂಥ ವೀರ ಹಡಗು ಹತ್ತಿದ್ದು ಹೇಗೆಂದು ಹೇಳುವ ಮೊದಲು ನನಗಿರುವ ಒಂದು ಕಾಯಿಲೆಯ ವಿಚಾರ ಹೇಳಿಬಿಡಬೇಕು.

ನನಗೆ ‘ಬೇಡ’ ಎನ್ನಲು ಬರುವುದಿಲ್ಲ. ಮನಸ್ಸಿನಲ್ಲಿ ಬರುತ್ತದೆ, ಗಂಟಲಿನವರೆಗೂ ಬರುತ್ತದೆ, ನಾಲಿಗೆಯ ಹತ್ತಿರ ಬಂದಾಗ ಮಾತ್ರ ಅದು ‘ಆಗಲಿ’ ಎಂದಾಗಿಬಿಡುತ್ತದೆ. ಒಮ್ಮೆ ಕ್ಷೌರಕ್ಕೆ ಕೂತಿದ್ದಾಗ ಆತ ಇನ್ನೂ ಸ್ವಲ್ಪ ತೆಗೆಯಲೇ ಎಂದು ಕೇಳಿದ. ಆಗಲಿ ಎಂದೆ. ಆತ ಮಾತುಗಾರ, ಮತ್ತೆ ಮತ್ತೆ ಕೇಳಿದ. ನಾನು ಮತ್ತೆ ಮತ್ತೆ ಆಗಲಿ ಎಂದೆ. ಮರುದಿನ ಕಚೇರಿಗೆ ಹೋದರೆ ಎಲ್ಲರೂ ದನಿ ತಗ್ಗಿಸಿ, ಮನೆಯಲ್ಲಿ ಯಾರು ತೀರಿಕೊಂಡರು ಎಂದು ವಿಚಾರಿಸಿದರು. ಇನ್ನೊಮ್ಮೆ ಸಹೋದ್ಯೋಗಿಯೊಬ್ಬರು ತಮ್ಮ ಮನೆಯ ನಾಯಿ ಮರಿ ಹಾಕಿದೆ, ನೋಡಲು ಬನ್ನಿ ಎಂದರು. ನೋಡಲು ಹೋದವನು ಬರುವಾಗ ಮೂರು ಮರಿ ತಂದೆ. ಗಾಳಿಬೀಡಿನಲ್ಲಿದ್ದ ನನ್ನ ಅವ್ವ ಆ ಮರಿಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ನನ್ನನ್ನು ನೋಡಿ, ಈ ಮನೆಯಲ್ಲಿ ಬೊಗಳಲು ಬರುವವು ಮೂರಾದರೂ ಇರಲಿ ಎಂದು ಹಾಲಿಟ್ಟರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಮಡಿಕೇರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಕಚೇರಿಯ ಬೋರ್ಡು ಬದಲಾಗಿತ್ತು, ಮೊಹರು ಬದಲಾಗಿತ್ತು, ಸಾಹೇಬರೂ ಬದಲಾಗಿದ್ದರು. ಬದಲಾಗದೆ ಉಳಿದದ್ದು ನಾನು ಮತ್ತು ನನ್ನ ಕುರ್ಚಿಯ ಕುಂಟುಕಾಲು. ವಯಸ್ಸು ಇಪ್ಪತ್ತೇಳು ದಾಟಿತ್ತು. ಅವ್ವನಿಗೆ ಸೊಸೆ ಬೇಕಿತ್ತು. ಹೆಣ್ಣು ಕೇಳಲು ಹೋಗಬೇಕಾದರೆ ಒಂದು ಫೋಟೋ ಬೇಕು ಎಂಬ ಹೊಸ ಪದ್ಧತಿ ಆಗ ನಮ್ಮ ಕಡೆಗೂ ಬಂದಿತ್ತು. ನನ್ನದೆಂದು ಇದ್ದದ್ದು ಒಂದೇ ಫೋಟೋ. ಹಳೆಯ ಸಾಹೇಬರು ವರ್ಗವಾಗಿ ಹೋಗುವಾಗ ಇಡೀ ಕಚೇರಿ ಸಾಲಾಗಿ ನಿಂತು ತೆಗೆಸಿಕೊಂಡದ್ದು. ಕ್ಯಾಮರಾದವನು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ ಹೊತ್ತಿಗೆ ಸರಿಯಾಗಿ ಹೆಡ್ ಗುಮಾಸ್ತರು ನನ್ನ ಮುಂದೆ ಬಂದು, ಸ್ವಲ್ಪ ಜರುಗಪ್ಪ ಎಂದರು. ಆಗಲಿ ಎಂದು ಜರುಗಿದೆ. ಫೋಟೋದಲ್ಲಿ ಅವರ ಪೇಟದ ಪಕ್ಕ ನನ್ನ ಬಲಗಿವಿ ಬಹಳ ಸ್ಪಷ್ಟವಾಗಿ ಬಂದಿದೆ. ಅವ್ವ ಅದನ್ನೇ ಸೆರಗಿನಲ್ಲಿ ಸುತ್ತಿಕೊಂಡು ಒಂದು ಮನೆಗೆ ಹೋಗಿ, ಇದೇ ನನ್ನ ಮಗ ಎಂದು ಕಿವಿ ತೋರಿಸಿದರಂತೆ. ಕಿವಿ ಚೆನ್ನಾಗಿದೆ ಎಂದರಂತೆ ಅವರು. ಆಮೇಲೆ ಆ ಮನೆಯಿಂದ ಸುದ್ದಿಯೇ ಬರಲಿಲ್ಲ.

ಹೀಗಾಗಿ ಫೋಟೋ ತೆಗೆಸಲೇಬೇಕಾಯಿತು. ಮಡಿಕೇರಿಯಲ್ಲಿ ಫೋಟೋ ಎಂದರೆ ಶೀನಣ್ಣ, ಶೀನಣ್ಣ ಎಂದರೆ ಹಡಗು. ಆತ ಮಂಗಳೂರಿನ ಕಡೆಯವನು. ಎಷ್ಟೋ ವರ್ಷದ ಹಿಂದೆ ಘಟ್ಟ ಹತ್ತಿ ಬರುವಾಗ ಸಮುದ್ರವನ್ನು ತರಲಾಗದೆ ಅದರ ಬದಲು ಒಂದು ಪರದೆ ಬರೆಸಿಕೊಂಡು ಬಂದಿದ್ದ. ಗೋಡೆಯಗಲದ ಆ ಪರದೆಯ ಮೇಲೆ ಒಂದು ಹಡಗಿನ ಅಟ್ಟ, ಕಟಕಟೆ, ಚಿಮಣಿ, ಬಾವುಟ, ಅದರಾಚೆ ಸಮುದ್ರ. ಬರೆದವನು ಆತುರದ ಮನುಷ್ಯನಿರಬೇಕು. ಚಿಮಣಿಯ ಹೊಗೆ ಎಡಕ್ಕೆ ಹೋಗುತ್ತಿತ್ತು, ಬಾವುಟ ಬಲಕ್ಕೆ ಹಾರುತ್ತಿತ್ತು. ಕಂಬದ ತುದಿಯಲ್ಲಿ ಒಂದು ಹಕ್ಕಿ ಕೂತಿತ್ತು. ಸಮುದ್ರದ ಹಕ್ಕಿಯೆಂದು ಶೀನಣ್ಣ ಹೇಳುತ್ತಿದ್ದ, ಆದರೆ ಅದು ಕಾಗೆ ಎನ್ನಲು ಪಕ್ಷಿಶಾಸ್ತ್ರ ಓದಬೇಕಾಗಿರಲಿಲ್ಲ. ಆ ಕಾಗೆಗೆ ಮೂರು ಕಾಲು. ಬಣ್ಣ ಸೋರಿದ್ದೋ, ಕಲಾವಿದ ಎಣಿಕೆ ತಪ್ಪಿದ್ದೋ ಗೊತ್ತಿಲ್ಲ. ಅಂತೂ ಭದ್ರವಾಗಿ ಕೂತಿತ್ತು.

ಶೀನಣ್ಣನಿಗೆ ಒಬ್ಬ ಭಾವಮೈದ, ವಾಸು. ಒಳಗೆ ಹಿಡಿದು ಕೂರಿಸುವುದು ಶೀನಣ್ಣನ ಕೆಲಸ, ಹೊರಗಿನಿಂದ ಹಿಡಿದು ತರುವುದು ವಾಸುವಿನ ಕೆಲಸ. ಶುಕ್ರವಾರ ಸಂತೆಯ ದಿನ ಆತ ಬಸ್ಸು ನಿಲ್ಲುವ ಕಡೆ ಹೊಂಚಿರುತ್ತಿದ್ದ. ಆತನಿಗೊಂದು ವಿದ್ಯೆ ಗೊತ್ತಿತ್ತು. ಆತ ಮನುಷ್ಯನನ್ನು ಹಿಡಿಯುತ್ತಿರಲಿಲ್ಲ, ಮನುಷ್ಯನ ಕೊಡೆಯನ್ನು ಹಿಡಿಯುತ್ತಿದ್ದ. ಮಡಿಕೇರಿಯ ಮಳೆಯಲ್ಲಿ ಮರ್ಯಾದೆ ಬಿಟ್ಟು ನಡೆದವರುಂಟು, ಕೊಡೆ ಬಿಟ್ಟು ನಡೆದವರಿಲ್ಲ. ಕೊಡೆ ಯಾವ ಕಡೆ ಹೋಯಿತೋ ಆ ಕಡೆಗೇ ಅದರ ಕೆಳಗಿನ ಮನುಷ್ಯನೂ ಹೋಗಬೇಕು. ಮೆಣಸು ಮಾರಲು ಬಂದವರು, ಕೋರ್ಟಿಗೆ ಬಂದವರು, ಎಸ್ಟೇಟಿನ ರೈಟರುಗಳು, ಹಲ್ಲು ಕೀಳಿಸಿಕೊಂಡು ಕೆನ್ನೆಗೆ ವಸ್ತ್ರ ಕಟ್ಟಿಕೊಂಡವರು, ಎಲ್ಲರೂ ಹೀಗೆ ಕೊಡೆಯ ಹಿಂದೆ ಹೋಗಿ ಹಡಗು ಹತ್ತಿದ್ದಾರೆ. ಕೆನ್ನೆಗೆ ಕಟ್ಟಿಕೊಂಡವರನ್ನು ಕೂಡ ಬಿಡಲಿಲ್ಲ, ಇನ್ನೊಂದು ಪಕ್ಕದಿಂದ ತೆಗೆದರು.

ನನ್ನನ್ನು ಹಿಡಿಯುವ ಕಷ್ಟ ವಾಸುವಿಗೆ ಬರಲಿಲ್ಲ, ನಾನೇ ಹೋದೆ. ಬರಿಯ ಮುಖ ಸಾಕು, ಎದೆಯವರೆಗೆ, ಹಿಂದೆ ಏನೂ ಬೇಡ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಶೀನಣ್ಣ ಪೂರ್ತಿ ಕೇಳಿದ. ನನ್ನ ಮುಖವನ್ನು ಎಡದಿಂದ ನೋಡಿದ, ಬಲದಿಂದ ನೋಡಿದ, ನಿಟ್ಟುಸಿರು ಬಿಟ್ಟ.

“ಬರೀ ಮುಖ ತೆಗೆದ್ರೆ ಎಂತ ಉಂಟು ಮಾರಾಯ್ರೆ? ಮುಖ ಎಲ್ಲರಿಗೂ ಉಂಟು. ಹಡಗು ಎಷ್ಟು ಜನಕ್ಕೆ ಉಂಟು ಹೇಳಿ.”

ಈ ತರ್ಕಕ್ಕೆ ಉತ್ತರ ಹುಡುಕುವಷ್ಟರಲ್ಲಿ ವಾಸು ಹಿಂದಿನಿಂದ ಬಂದು ನನ್ನ ತಲೆಗೆ ಬಿಳೀ ಟೋಪಿ ಒತ್ತಿದ್ದ. ಹಿತ್ತಾಳೆಯ ಬಿಲ್ಲೆ ಇದ್ದ ಟೋಪಿ, ಎರಡು ಅಳತೆ ಚಿಕ್ಕದು. ಅದನ್ನು ಒತ್ತಿದ ರಭಸಕ್ಕೆ ನನ್ನ ಹುಬ್ಬುಗಳು ಮೇಲಕ್ಕೆ ಹೋದವು. ಕೋಟಿನ ಮೇಲೊಂದು ಕೋಟು ಬಂತು. ಕೈಗೆ ದುರ್ಬೀನು ಬಂತು, ಅದರಲ್ಲಿ ಗಾಜಿರಲಿಲ್ಲ. ಒಂದು ಕಾಲನ್ನು ಸ್ಟೂಲಿನ ಮೇಲಿಡಿಸಿದರು. ಅಲೆ ಬರುತ್ತಾ ಇದೆ ಎಂದು ಭಾವಿಸಿಕೊಳ್ಳಿ ಎಂದ ಶೀನಣ್ಣ. ಭಾವಿಸಿಕೊಂಡೆ. ಹಾರಂಗಿಯ ತೆಪ್ಪ ನೆನಪಾಯಿತು, ಹೊಟ್ಟೆ ತೊಳಸಿತು, ಅದೇ ಕ್ಷಣಕ್ಕೆ ಆತ ಕಪ್ಪು ಬಟ್ಟೆಯೊಳಗಿನಿಂದ, ಹಾಗೇ ಇರಿ, ಇದೇ ಮುಖ ಬೇಕು ಎಂದು ಕೂಗಿದ. ಈಗ ಆ ಫೋಟೋ ನೋಡಿದವರು, ದೂರದಲ್ಲಿ ಶತ್ರುವಿನ ಹಡಗು ಕಂಡವನ ಹಾಗೆ ಇದ್ದೀಯಾ ಎನ್ನುತ್ತಾರೆ. ನಾನು ಆಗ ನೋಡುತ್ತಿದ್ದದ್ದು ಬಚ್ಚಲಿನ ಬಾಗಿಲನ್ನು.

ಬರಿಯ ಮುಖದ ಫೋಟೋ ತೆಗೆಯಲೇ ಇಲ್ಲ. ಮಾರನೆಯ ವಾರ ಹೋಗಿ ಹಡಗಿನದು ನೋಡಿ ನನ್ನ ಜೀವ ಹಿಡಿಯಾಯಿತು. ಹೆಣ್ಣಿನವರಿಗೆ ಕಳಿಸುವುದಿರಲಿ, ಅವ್ವನಿಗೂ ತೋರಿಸುವಂತಿರಲಿಲ್ಲ. ಜೀವನದಲ್ಲಿ ಮೊದಲ ಸಲ ಧೈರ್ಯ ಮಾಡಿ, ಇದನ್ನು ನಾನು ಒಯ್ಯುವುದಿಲ್ಲ ಎಂದೆ. ಶೀನಣ್ಣ ಜಗಳವಾಡಲಿಲ್ಲ. ಒಯ್ಯದಿದ್ದರೆ ಇಲ್ಲೇ ಇರಲಿ ಎಂದು ಸಮಾಧಾನದಿಂದ ಹೇಳಿ, ಅಂಗಡಿಯ ಮುಂದೆ ತೂಗುಹಾಕಿದ್ದ ಗಾಜಿನ ಪೆಟ್ಟಿಗೆಯೊಳಗೆ ನಟ್ಟನಡುವೆ ಸಿಕ್ಕಿಸಿದ. ಅದು ಆತನ ಬ್ರಹ್ಮಾಸ್ತ್ರ. ತಮ್ಮ ಚಿತ್ರ ಊರವರೆಲ್ಲ ನೋಡುವ ಪೆಟ್ಟಿಗೆಯಲ್ಲಿ ತೂಗುವುದನ್ನು ಎಂಥ ಗಟ್ಟಿಗರೂ ಎರಡು ದಿನಕ್ಕಿಂತ ಹೆಚ್ಚು ತಾಳಲಾರರು, ಬಂದು ಕೊಂಡೇ ಹೋಗುತ್ತಾರೆ. ನನ್ನ ಎಡಕ್ಕೆ ಬೋಗುಣಿಯಲ್ಲಿ ಕೂರಿಸಿದ ಒಂದು ಮಗು, ಬಲಕ್ಕೆ ಕೋವಿ ಹಿಡಿದ ಒಬ್ಬ ಸಾಹುಕಾರರು. ಸಾಹುಕಾರರು ಮೂರನೆಯ ದಿನ ಬಿಡಿಸಿಕೊಂಡು ಹೋದರು. ಮಗುವಿನ ಅಜ್ಜಿ ಅಳುತ್ತ ಬಂದು ಮಗುವನ್ನು ಬಿಡಿಸಿಕೊಂಡು ಹೋದಳು. ನಾನು ಉಳಿದೆ. ಕಚೇರಿಯಲ್ಲಿ ನನಗೆ ಕ್ಯಾಪ್ಟನ್ ಎಂದು ಹೆಸರಾಯಿತು. ಹೊಸ ಸಾಹೇಬರು ಕೂಡ ಒಂದು ದಿನ ಫೈಲು ಕೊಡುವಾಗ, ಸಮುದ್ರ ಹೇಗಿದೆ ಎಂದು ಕೇಳಿದರು.

ಇಲ್ಲೊಂದು ಮಾತು ಓದುಗರಲ್ಲಿ ಮುಚ್ಚಿಡಬಾರದು. ಎರಡು ವಾರ ಕಳೆಯುವಷ್ಟರಲ್ಲಿ ಆ ಗಾಜಿನೊಳಗಿನ ಮನುಷ್ಯನ ಮೇಲೆ ನನಗೆ ಒಂದು ಬಗೆಯ ಅಭಿಮಾನ ಹುಟ್ಟಿಬಿಟ್ಟಿತ್ತು. ಆತ ನನ್ನಂತಿರಲಿಲ್ಲ. ಯಾರಾದರೂ ಬಂದು ಜರುಗಪ್ಪ ಎಂದರೆ ಜರುಗುವ ಪೈಕಿ ಕಾಣುತ್ತಿರಲಿಲ್ಲ. ಕಚೇರಿ ಬಿಟ್ಟು ರೂಮಿಗೆ ಹೋಗುವ ದಾರಿ ಬೇರೆಯಾದರೂ ನಾನು ದಿನಾ ಸುತ್ತುಹಾಕಿಕೊಂಡು ಆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ನೋಡದವನ ಹಾಗೆ ನೋಡುತ್ತಿದ್ದೆ. ಒಂದು ಶುಕ್ರವಾರ ಸಂಜೆ ನೋಡಿದರೆ ಅಲ್ಲಿ ನಾನಿಲ್ಲ. ನನ್ನ ಜಾಗದಲ್ಲಿ ಯಾರದೋ ಎತ್ತು ಇತ್ತು. ನಿಜ ಹೇಳುತ್ತೇನೆ, ನನಗೆ ಬಹಳ ಬೇಸರವಾಯಿತು. ಒಳಗೆ ಹೋಗಿ, ಸ್ವಲ್ಪ ಸಿಟ್ಟಿನಿಂದಲೇ, ನನ್ನನ್ನು ಯಾಕೆ ತೆಗೆದೆ ಎಂದು ಕೇಳಿದೆ. ನಿಮ್ಮ ಅತ್ತೆಯಂತೆ, ಸಂತೆಗೆ ಬಂದವರು, ಕೊಂಡುಹೋದರು ಎಂದ ಶೀನಣ್ಣ.

ಅತ್ತೆಯೆಂದರೆ ಅಪ್ಪನ ಅಕ್ಕ, ಅಕ್ಕಮ್ಮತ್ತೆ. ಆಕೆ ಇರುವುದು ಚೇರಂಬಾಣೆಯಲ್ಲಿ. ಕಣ್ಣು ಮಂದ, ಕಾಲು ಚುರುಕು, ಮಾತಿನಲ್ಲಿ ‘ಉಂಟು’ ಎಂಬುದು ‘ಉಟ್ಟು’. ಆಕೆ ಆ ಫೋಟೋವನ್ನು ಮೆಣಸಿನಕಾಯಿಯ ಜೊತೆ ಚೀಲಕ್ಕೆ ಹಾಕಿಕೊಂಡು ನೇರವಾಗಿ ತಮ್ಮ ನೆರೆಮನೆಗೆ ಹೋಗಿ, ಅಲ್ಲಿಯ ಹುಡುಗಿ ಕಾವೇರಮ್ಮನನ್ನು ನನಗೆ ಕೇಳಿಬಿಟ್ಟರು. ಕಾವೇರಮ್ಮನನ್ನು ನಾನು ಮೊದಲೇ ಬಲ್ಲೆ. ಹಿಂದಿನ ವರ್ಷ ನೆಂಟರ ಮದುವೆಯೊಂದರಲ್ಲಿ ಹಂದಿಸಾರು, ಅಕ್ಕಿರೊಟ್ಟಿ ಬಡಿಸುತ್ತಿದ್ದವಳು ಅವಳೇ. ನನ್ನ ಎಲೆಯ ಮುಂದೆ ನಿಂತು ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದಳು. ಕೇಳಿದಾಗಲೆಲ್ಲ ನಾನು ಆಗಲಿ ಎಂದೆ. ಅವಳ ಮೂಗಿನ ತುದಿಯಲ್ಲಿ ಸ್ವಲ್ಪ ಹಿಟ್ಟು ಹತ್ತಿತ್ತು, ಅದನ್ನು ಹೇಳಬೇಕೆಂದು ನಾನು ಬಾಯಿ ತೆರೆದಾಗಲೆಲ್ಲ ಅವಳು ಇನ್ನೊಂದು ರೊಟ್ಟಿ ಹಾಕಿದಳು. ಹನ್ನೊಂದು ರೊಟ್ಟಿ ಆಯಿತು. ಎರಡು ದಿನ ನಾನು ಹಾಸಿಗೆಯಿಂದ ಏಳಲಿಲ್ಲ, ಆ ಎರಡೂ ದಿನ ಆ ಹಿಟ್ಟಿನ ಮೂಗನ್ನೇ ನೆನೆದೆ. ಅವಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗಲಾರೆ ಎಂದು ಆಗಲೇ ತೀರ್ಮಾನಿಸಿದ್ದೆ. ತೀರ್ಮಾನವನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಈಗ ಆ ಮನೆಯಿಂದಲೇ ಕರೆ ಬಂದಿತ್ತು. ಆದರೆ ಕರೆಯ ಜೊತೆ ಬಂದ ಇನ್ನೊಂದು ಮಾತು ಕೇಳಿ ನನಗೆ ಚಳಿ ಹತ್ತಿತು. ಕಾವೇರಮ್ಮನ ಮನೆಯ ಹಿರಿಯರೆಂದರೆ ಅವಳ ದೊಡ್ಡಪ್ಪ, ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಕುಶಾಲಪ್ಪನವರು. ಅವರು ಫೋಟೋದ ಟೋಪಿ ನೋಡಿ, ಹುಡುಗ ನೌಕಾದಳದವನು ಎಂದು ತೀರ್ಮಾನಿಸಿದ್ದರು. ಅಕ್ಕಮ್ಮತ್ತೆ ಸರ್ಕಾರಿ ಕೆಲಸ ಎಂದಷ್ಟೇ ಹೇಳಿದ್ದರಂತೆ. ಉಳಿದದ್ದನ್ನು ಟೋಪಿ ಹೇಳಿತು. ಬೇರೆ ಸೀಮೆಯಲ್ಲಾದರೆ ಯಾರೂ ಹೀಗೆ ತಿಳಿಯಲಾರರು. ಆದರೆ ನಮ್ಮಲ್ಲಿ ಮನೆಗೊಬ್ಬರು ಪಲ್ಟನ್ನಿನಲ್ಲಿದ್ದವರು. ನಮ್ಮ ಮುದುಕರು ಎದುರು ಬಂದವನ ಮುಖ ನೋಡುವ ಮೊದಲು ಭುಜದ ಪಟ್ಟಿ ನೋಡುತ್ತಾರೆ. ತನಗೆ ಸಲ್ಲದ ಬಿಲ್ಲೆಯನ್ನು ಒಬ್ಬ ಗಂಡಸು ತಲೆಯ ಮೇಲೆ ಇಟ್ಟುಕೊಂಡಾನು ಎಂಬ ಯೋಚನೆ ಕೊಡಗಿನಲ್ಲಿ ಯಾರ ಮನಸ್ಸಿಗೂ ಬರುವಂಥದಲ್ಲ. ನಮ್ಮ ಒಕ್ಕದಲ್ಲಿ, ಈ ಮನೆತನದಲ್ಲಿ, ನೆಲದ ಮೇಲೆ ಕಾದಾಡಿದವರು ಬೇಕಷ್ಟಿದ್ದಾರೆ, ನೀರಿನ ಮೇಲಿನವನು ಒಬ್ಬ ಬರಲಿ ಎಂದು ಸುಬೇದಾರರು ಮೀಸೆ ತಿರುವಿದರಂತೆ.

ಒಂದು ಕಾರ್ಡು ಬರೆದು ಇದ್ದದ್ದನ್ನು ಇದ್ದಂತೆ ಹೇಳಿಬಿಡಬಹುದಿತ್ತು. ಬರೆದೆ ಕೂಡ. ‘ಪೂಜ್ಯರೇ, ಆ ಟೋಪಿ ನನ್ನದಲ್ಲ’ ಎಂದು ಶುರುಮಾಡಿ ಓದಿ ನೋಡಿದೆ, ಕಳ್ಳನ ತಪ್ಪೊಪ್ಪಿಗೆಯ ಹಾಗಿತ್ತು, ಹರಿದು ಹಾಕಿದೆ. ಅಲ್ಲಿಗೆ ಹೋಗಿ ಬಾಯಿಯಿಂದಲೇ ಹೇಳೋಣ ಎಂದುಕೊಂಡೆ. ಇಷ್ಟು ದಿನ ನನ್ನ ಬಾಯಿಯ ಜೊತೆ ಬಾಳಿದವನು ಅದರ ಮೇಲೆ ಭರವಸೆ ಇಟ್ಟದ್ದು ಯಾವ ಧೈರ್ಯದ ಮೇಲೋ ತಿಳಿಯದು.

ಗೊತ್ತುಮಾಡಿದ ದಿನ ಅವ್ವನನ್ನು ಕರೆದುಕೊಂಡು ಬಸ್ಸಿನಲ್ಲಿ ಚೇರಂಬಾಣೆಗೆ ಹೋದೆ. ಅಲ್ಲಿ ಅಕ್ಕಮ್ಮತ್ತೆ ಕೂಡಿಕೊಂಡರು. ಸುಬೇದಾರರು ಅಂಗಳದಲ್ಲೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ನಾನೂ ಹೊಡೆದೆ. ಕೈಯಲ್ಲಿ ಕೊಡೆ ಇದ್ದದ್ದು ಮರೆತುಹೋಗಿತ್ತು, ಪಕ್ಕದಲ್ಲಿದ್ದ ಅಕ್ಕಮ್ಮತ್ತೆ ಬಗ್ಗಿದ್ದರಿಂದ ಉಳಿದರು. ಒಳಗೆ ಕೂರಿಸಿದ ಮೇಲೆ ವಿಚಾರಣೆ ಶುರುವಾಯಿತು. ಯಾವ ಜಹಾಜು ಎಂದು ಕೇಳಿದರು. ಈಗಲೇ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿಮಾಡಿ, ಮಡಿಕೇರಿಯದು ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ ಗಹಗಹಿಸಿ ನಕ್ಕರು.

“ಶಾಬಾಷ್. ಹೀಗಿರ್ಬೇಕು ಶಿಸ್ತು. ನಮ್ಮ ಕಾಲದಲ್ಲೂ ಅಷ್ಟೇ ಮಗ, ಯಾವ ಜಹಾಜು ಅಂತ ಹೆತ್ತವ್ವನಿಗೂ ಹೇಳೋ ಹಂಗಿರ್ಲಿಲ್ಲ.”

ಕೆಲಸವೇನು ಎಂದರು. ಗುಮಾಸ್ತ ಎಂದೆ, ಬರುವ ಕಾಗದ ಹೋಗುವ ಕಾಗದ ನೋಡಿಕೊಳ್ಳುವುದು ಎಂದೆ. ಅವರು ದನಿ ತಗ್ಗಿಸಿ, ಗುಪ್ತ ಕಾಗದಗಳೋ ಎಂದರು. ಈಜು ಬರುತ್ತದೋ ಎಂದರು. ಬರುವುದಿಲ್ಲ ಎಂದೆ. ನೋಡಿ, ಎಷ್ಟು ವಿನಯ ಎಂದು ಅವ್ವನ ಕಡೆ ತಿರುಗಿ ಮೆಚ್ಚಿಕೊಂಡರು. ಇಷ್ಟು ನಿಜವನ್ನು ಒಂದೇ ಸಲಕ್ಕೆ ನಾನು ಹಿಂದೆಂದೂ ಹೇಳಿದವನಲ್ಲ, ಒಂದಾದರೂ ನಾಟಲಿಲ್ಲ. ಅಷ್ಟರಲ್ಲಿ ಕಾವೇರಮ್ಮ ಬೆಲ್ಲದ ಕಾಫಿ ತಂದು ಮುಂದಿಟ್ಟಳು. ಮೂಗಿನ ಮೇಲೆ ಹಿಟ್ಟಿರಲಿಲ್ಲ, ಆದರೂ ನನಗೆ ಅಲ್ಲೇ ಕಂಡಂತಾಯಿತು. ಅವಳು ನನ್ನನ್ನೂ ಮೇಜಿನ ಮೇಲಿದ್ದ ನನ್ನ ಫೋಟೋವನ್ನೂ ಒಂದೊಂದು ಸಲ ನೋಡಿ, ತುಟಿ ಕಚ್ಚಿಕೊಂಡು ಬಾಗಿಲ ಸಂದಿನಲ್ಲಿ ನಿಂತಳು.

ಸುಬೇದಾರರಿಗೆ ಹುರುಪು ಬಂದಿತ್ತು. ತಮ್ಮ ಸಮುದ್ರಯಾನದ ಕಥೆ ತೆಗೆದರು. ಯುದ್ಧದ ಕಾಲದಲ್ಲಿ ಬೊಂಬಾಯಿಯಿಂದ ಬಸ್ರಾಕ್ಕೆ ಹೋದದ್ದು, ಮೂರು ದಿನ ಬಿರುಗಾಳಿ ಎದ್ದದ್ದು, ಇಡೀ ಪಲ್ಟನ್ನು ವಾಂತಿ ಮಾಡುತ್ತ ಕೆಳಗೆ ಬಿದ್ದಿದ್ದಾಗ ತಾವೊಬ್ಬರೇ ಮೇಲಿನ ಅಟ್ಟದಲ್ಲಿ ಎದೆ ಸೆಟೆಸಿ ನಿಂತದ್ದು, ಕಪ್ತಾನ ಬಂದು ಬೆನ್ನು ತಟ್ಟಿದ್ದು. ಮನೆಯ ಹೆಂಗಸರು ಮಕ್ಕಳು ಬಾಯಿಪಾಠ ಬಂದವರ ಹಾಗೆ ತಲೆಯಾಡಿಸುತ್ತಿದ್ದರು. ಅನುಮಾನವಿದ್ದರೆ ನೋಡು ಎಂದು ಅವರು ಎದ್ದು, ಗೋಡೆಯಲ್ಲಿ ಕೋವಿಯ ಪಕ್ಕ ಎತ್ತರದಲ್ಲಿ ತೂಗಿದ್ದ ಕಟ್ಟು ಹಾಕಿದ ಫೋಟೋ ಇಳಿಸಿ, ಪಂಚೆಯಿಂದ ಧೂಳು ಒರೆಸಿ ನನ್ನ ಕೈಗಿಟ್ಟರು.

ಯುವಕ ಕುಶಾಲಪ್ಪನವರು ಒಂದು ಕಾಲು ಸ್ಟೂಲಿನ ಮೇಲಿಟ್ಟು ನಿಂತಿದ್ದರು. ತಲೆಯ ಮೇಲೆ ಬಿಗಿಯಾದ ಬಿಳೀ ಟೋಪಿ, ಹುಬ್ಬು ಹಣೆಗೆ ಹತ್ತಿತ್ತು. ಹೊಗೆ ಎಡಕ್ಕೆ ಹೋಗುತ್ತಿತ್ತು, ಬಾವುಟ ಬಲಕ್ಕೆ ಹಾರುತ್ತಿತ್ತು. ಕಂಬದ ತುದಿಯಲ್ಲಿ ಕಾಗೆ. ನಾನು ಬೇಡಬೇಡವೆಂದರೂ ಕಣ್ಣು ಕಾಲು ಎಣಿಸಿತು. ಮೂರು.

ನನ್ನ ಗಂಟಲಿಗೆ ಕಾಫಿ ಸಿಕ್ಕಿತು. ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು. ನಗು ಬರುತ್ತಿತ್ತು, ಭಯವೂ ಬರುತ್ತಿತ್ತು, ಎರಡಕ್ಕೂ ಇದ್ದದ್ದು ಒಂದೇ ಬಾಯಿ. ಏನಾಯಿತು ಎಂದು ಸುಬೇದಾರರು ಕನ್ನಡಕ ಹಾಕಿಕೊಂಡು ನಾನು ನೋಡುತ್ತಿದ್ದ ಕಡೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಫೋಟೋವನ್ನು ಎತ್ತಿ, ಟೋಪಿಯ ಮೇಲಿನಿಂದ ಮೊದಲ ಸಲ ಕಣ್ಣು ಸರಿಸಿ, ಕಂಬದ ತುದಿ ನೋಡಿದರು. ಅವರ ಮೀಸೆ ನಿಧಾನವಾಗಿ ಕೆಳಗಿಳಿಯಿತು. ನಾನು ಒಂದು ಮಾತು ಆಡಿದರೆ ತಮ್ಮ ಮನೆಯವರ ಮುಂದೆ ಅವರ ಬಸ್ರಾ ಮುಳುಗುತ್ತಿತ್ತು. ಅವರು ಒಂದು ಮಾತು ಆಡಿದರೆ ನನ್ನ ಕಾವೇರಮ್ಮ ಮುಳುಗುತ್ತಿದ್ದಳು. ಆಗ ಅಕ್ಕಮ್ಮತ್ತೆ ನಮ್ಮಿಬ್ಬರ ಕೈಯಿಂದ ಎರಡು ಫೋಟೋಗಳನ್ನೂ ತೆಗೆದು ಮೂಗಿನ ಹತ್ತಿರ ಹಿಡಿದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಸಂತೋಷದಿಂದ ಹೇಳಿದರು.

“ಎರಡೂ ಒಂದೇ ಹಡಗ್. ಕಾಗೆನೂ ಅದೇ ಉಟ್ಟು.”

ಅವ್ವ ಕೈ ಮುಗಿದರು. ದೊಡ್ಡಪ್ಪ ಹೋದ ಹಡಗಿನಲ್ಲೇ ಅಳಿಯನಾಗುವವನೂ ಕೆಲಸ ಮಾಡುವುದೆಂದರೆ ಇದು ಹೊಳೆತಾಯಿ ಕಾವೇರಮ್ಮೆಯೇ ಹಾಕಿದ ಗಂಟು ಎಂದರು. ನನ್ನ ಅವ್ವನಿಗೆ ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಚೆನ್ನಾಗಿ ಗೊತ್ತು. ಆ ಕ್ಷಣಕ್ಕೆ ಅವರೂ ಮರೆತದ್ದೋ, ಸೊಸೆಯ ಆಸೆಗೆ ಮರೆತಂತೆ ಮಾಡಿದ್ದೋ, ನಾನು ಇವತ್ತಿನವರೆಗೂ ಕೇಳಿಲ್ಲ. ಮನೆಯ ಹೆಂಗಸರು ಹೌದೌದೆಂದರು. ಬಾಗಿಲ ಸಂದಿನಿಂದ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡಂಥ ಒಂದು ಸದ್ದು ಕೇಳಿಸಿತು.

ಕಾಫಿ ತೋಟ ತೋರಿಸುತ್ತೇನೆ ಬಾ ಎಂದು ಸುಬೇದಾರರು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಗಿಡಗಳ ನಡುವೆ ನಾಲ್ಕು ಮಾರು ನಡೆದು, ಹಿಂದೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ನಿಂತರು.

“ಆ ಟೋಪಿ ಅವಂದೇ ಅಲ್ವಾ?”

“ಹೌದು ಮಾವ.”

“ನಂಗೂ ಅದನ್ನೇ ಹಾಕಿದ್ದ. ಬಲು ಬಿಗಿ.”

ಆಮೇಲೆ ಅವರು ಹೇಳಿದ್ದು ಇಷ್ಟು. ಬಸ್ರಾಕ್ಕೆ ಹೋದದ್ದು ನಿಜ. ಆದರೆ ಹೋಗುವಾಗಲೂ ಬರುವಾಗಲೂ ಅವರು ಹಡಗಿನ ತಳದಲ್ಲಿ ಒಂದು ಬಕೆಟ್ಟಿನ ಪಕ್ಕ ಬಿದ್ದುಕೊಂಡಿದ್ದರು, ಸಮುದ್ರವನ್ನು ಕಣ್ಣಿಂದ ನೋಡಿದ್ದೇ ಇಲ್ಲ. ಊರಿಗೆ ಬಂದಾಗ ಅವರ ಅವ್ವ, ಹಡಗೆಂದರೆ ಹೇಗಿರುತ್ತದೆ ಮಗ ಎಂದು ಆಸೆಯಿಂದ ಕೇಳಿದರಂತೆ. ನನಗೂ ಗೊತ್ತಿಲ್ಲ ಎಂದು ಆ ಮುದುಕಿಗೆ ಹೇಳುವುದು ಹೇಗೆ? ಆ ವಾರ ಸಂತೆಗೆ ಹೋದಾಗ ವಾಸು ಅವರ ಕೊಡೆ ಹಿಡಿದಿದ್ದ. ಇಷ್ಟು ಹೇಳಿ ಅವರು ಒಂದು ಕಾಫಿ ಎಲೆ ಕಿತ್ತು ಹರಿಯತೊಡಗಿದರು. ನನಗೆ ನಗು ಪೂರಾ ಹೋಗಿ, ಆ ಮನುಷ್ಯನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ನಾನೂ ಎಲ್ಲ ಹೇಳಿದೆ. ಕಚೇರಿ, ಕುಂಟು ಕುರ್ಚಿ, ಕಿವಿ, ಗಾಜಿನ ಪೆಟ್ಟಿಗೆ, ಏನೂ ಬಿಡಲಿಲ್ಲ. ಹುಡುಗಿಯನ್ನು ಕೊಡದಿದ್ದರೂ ನಿಮ್ಮ ಕಾಗೆಯ ವಿಚಾರ ಯಾರಿಗೂ ಹೇಳುವುದಿಲ್ಲ ಎಂದೂ ಸೇರಿಸಿದೆ. ಅವರು ಕೈಯಲ್ಲಿದ್ದ ಎಲೆಯ ಚೂರುಗಳನ್ನು ಕೊಡವಿದರು. ವಾಂತಿ ಬರುವುದಿಲ್ಲವಷ್ಟೆ ಗುಮಾಸ್ತನ ಕೆಲಸದಲ್ಲಿ ಎಂದು ಕೇಳಿದರು. ಆಡಿಟಿನ ಕಾಲದಲ್ಲಿ ಮಾತ್ರ ಎಂದೆ. ಹಡಗಿನ ಮಾತು ಹಡಗಿನಲ್ಲೇ ಇರಲಿ ಎಂದು ಅವರು ನನ್ನ ಬೆನ್ನು ತಟ್ಟಿದರು. ಒಳಗೆ ಹೋಗಿ, ಹುಡುಗ ನೌಕಾದಳ ಬಿಟ್ಟು ಮಡಿಕೇರಿಯ ಕಚೇರಿಗೆ ಬರಲು ಒಪ್ಪಿದ್ದಾನೆ, ನಮ್ಮ ಹುಡುಗಿ ದೂರ ಹೋಗುವುದು ಬೇಡವಲ್ಲ ಎಂದು ಸಾರಿದರು. ನನ್ನ ತ್ಯಾಗವನ್ನು ಕೇಳಿ ಹೆಂಗಸರು ಕಣ್ಣೊರೆಸಿಕೊಂಡರು.

ಮದುವೆಯಾಯಿತು. ಆದರೆ ಈ ಗುಟ್ಟು ನನ್ನೊಳಗೆ ಮೂಲಂಗಿ ತಿಂದ ಹೊಟ್ಟೆಯ ಹಾಗೆ ಗುಡುಗುತ್ತಿತ್ತು. ಹೆಂಡತಿ ಎಲ್ಲಾದರೂ ಸಮುದ್ರದ ಮಾತೆತ್ತಿದರೆ ಬೆವರುತ್ತಿದ್ದೆ. ಅವಳೂ ಬೇಕೆಂದೇ ಎನ್ನುವಂತೆ, ಅಲೆ ಎಷ್ಟೆತ್ತರ ಬರುತ್ತದೆ, ಮೀನು ಹಾರುತ್ತದೆಯೇ ಎಂದೆಲ್ಲ ಕೇಳುತ್ತಿದ್ದಳು. ಒಂದು ಭಾನುವಾರ ಅವಳು ರೊಟ್ಟಿ ತಟ್ಟುತ್ತಿದ್ದಾಗ ಎದುರು ಕೂತು, ನನ್ನ ಪಾಲಿನ ಸತ್ಯವನ್ನು ಹೇಳಿಬಿಟ್ಟೆ. ದೊಡ್ಡಪ್ಪನ ಪಾಲನ್ನು ಮುಟ್ಟಲಿಲ್ಲ. ಅವಳು ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

“ನಂಗೆ ಗೊತ್ತುಟ್ಟು. ಆ ಕಾಗೆ ಕಾಲ್ ಎಣ್ಸಿಯೇ ನಾ ಲೆಕ್ಕ ಕಲ್ತದ್.”

ಚಿಕ್ಕಂದಿನಿಂದಲೂ ಅವಳು ಗೋಡೆಯ ಮೇಲಿನ ಆ ಫೋಟೋ ನೋಡುತ್ತ ಬೆಳೆದವಳು. ದೊಡ್ಡವಳಾದ ಮೇಲೆ ಒಂದು ಸಂತೆಯ ದಿನ ವಾಸು ಅವಳ ಕೊಡೆಯನ್ನೂ ಹಿಡಿದಿದ್ದಾನೆ. ಒಳಗೆ ಹೋಗಿ ಪರದೆ ನೋಡಿದ್ದಾಳೆ, ಬಸ್ರಾ ಯಾವುದೆಂದು ತಿಳಿದಿದ್ದಾಳೆ. ಮನೆಗೆ ಬಂದು ಹೇಳಿದರೆ ಅಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತಂತೆ, ಒಬ್ಬೊಬ್ಬರೂ ಒಂದೊಂದು ಸಂತೆಯಲ್ಲಿ ಕಂಡುಹಿಡಿದಿದ್ದರು. ದೊಡ್ಡಪ್ಪನಿಗೆ ಬೇಸರವಾದೀತೆಂದು ಯಾರೂ ಬಾಯಿಬಿಟ್ಟಿರಲಿಲ್ಲ, ಅಷ್ಟೆ. ಅದಾದ ಮೇಲೆ ಇನ್ನೊಂದು ಶುಕ್ರವಾರ ಅಕ್ಕಮ್ಮತ್ತೆಯ ಜೊತೆ ಸಂತೆಗೆ ಬಂದವಳು ಗಾಜಿನ ಪೆಟ್ಟಿಗೆಯಲ್ಲಿ ನನ್ನನ್ನು ಕಂಡಿದ್ದಾಳೆ. ಕಣ್ಣು ಮಂದವಾದ ಅತ್ತೆಗೆ ಅದು ನಾನೆಂದು ತಿಳಿಯುವ ಹಾಗೇ ಇರಲಿಲ್ಲ. ತೋರಿಸಿದವಳು, ಕೊಳ್ಳಿ ಎಂದವಳು, ನಮ್ಮ ಮನೆಗೆ ತಂದು ಕೇಳಿ ಎಂದವಳು, ಎಲ್ಲ ಇವಳೇ. ಗುಮಾಸ್ತನೆಂದು ಗೊತ್ತಿದ್ದೂ, ಟೋಪಿ ಸುಳ್ಳೆಂದು ಗೊತ್ತಿದ್ದೂ, ನನ್ನಲ್ಲಿ ಏನು ಕಂಡೆ ಎಂದು ಕೇಳಿದೆ. ಏನಾದರೂ ಒಳ್ಳೆಯ ಮಾತು ಬಂದೀತೆಂದು ಆಸೆಯಿತ್ತು.

“ನಾ ಹನ್ನೊಂದ್ ರೊಟ್ಟಿ ಹಾಕ್ದೆ, ತಿಂದ್ರಿ. ಅವ ಟೋಪಿ ಹಾಕ್ದ, ಹಾಕ್ಸಿಕೊಂಡ್ರಿ. ಬೇಡ ಅಂತ ಹೇಳಕ್ಕೆ ಬಾರದ ಗಂಡ ಎಲ್ಲಿ ಹುಡುಕಿರೂ ಸಿಕ್ಕುದಿಲ್ಲೆ.”

ಹೀಗೆ ಹೇಳಿ ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ.

ಮೊನ್ನೆ ಮಗನಿಗೆ ವರ್ಷ ತುಂಬಿತೆಂದು ಶೀನಣ್ಣನಲ್ಲಿಗೆ ಹೋಗಿದ್ದೆವು. ಮಗುವಿನದೊಂದೇ ಸಾಕು, ಹಿಂದೆ ಏನೂ ಬೇಡ ಎಂದು ನಾನು ಸ್ಪಷ್ಟವಾಗಿ ಹೇಳಬೇಕೆಂದಿದ್ದೆ. ಶೀನಣ್ಣ ಹಳೆಯ ಪರದೆ ತೆಗೆದು ಹೊಸದು ಹಾಕಿದ್ದ. ಈಗ ವಿಮಾನ. ಅದರ ರೆಕ್ಕೆಯ ಮೇಲೆ, ಮೋಡಗಳ ನಡುವೆ, ಅದೇ ಕಾಗೆ ಕೂತಿತ್ತು. ವಾಸು ಈ ಸಲ ಚರ್ಮದ ಟೋಪಿಯೊಂದನ್ನು ಒತ್ತಿದ, ಅದೂ ಬಿಗಿ. ಮೂವರೂ ಹಾರಿ ಬಂದೆವು. ಮನೆಗೆ ಬಂದ ಮೇಲೆ ಕಾವೇರಮ್ಮ, ಇದನ್ನೆಲ್ಲ ಒಂದು ಪ್ರಬಂಧ ಮಾಡಿ ಎಂದಳು. ನನಗೆ ಖಂಡಿತ ಮನಸ್ಸಿರಲಿಲ್ಲ. ಮಾವನಿಗೆ ಮಾತು ಕೊಟ್ಟಿದ್ದೇನೆ, ಅವರ ಕಣ್ಣಿಗೆ ಬಿದ್ದರೆ ಗತಿಯೇನು ಎಂದೆ. ಅವರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಓದಿ ಹೇಳುವವಳು ನಾನೇ, ಕಾಗೆ ಬಂದ ಕಡೆಯೆಲ್ಲ ಹಾರಿಸಿ ಓದುತ್ತೇನೆ ಎಂದಳು. ಇದು ಸರಿಯಲ್ಲ, ನಾನು ಬರೆಯುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆಗಲಿ ಎಂದೆ.